ಹುಲ್ಲು ಎಂದೆ

ಭಾನುವಾರ ದನಗಳಿಗೆ ಕಾಯಿಲೆ ಬರಬಾರದು ಎಂಬ ಕಾನೂನು ಉಡುಪಿ ಜಿಲ್ಲೆಯಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಪೆರ್ಡೂರಿನ ನಮ್ಮ ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ಕರೆದರು. ಅವರ ಒಂದೇ ಒಂದು ದನ, ತುಂಬು ಗಬ್ಬ, ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು.

ಪಶು ಆಸ್ಪತ್ರೆಗೆ ಬೀಗ. ಬಾಗಿಲಿನ ಮೇಲೆ ಬರೆದ ನಂಬರು ಸ್ವಿಚ್ ಆಫ್. ಉಡುಪಿಯ ಪಶು ಆಸ್ಪತ್ರೆಗೆ ಫೋನ್ ಮಾಡಿದರೆ, "ನಾಳೆ ಒಂಬತ್ತು ಗಂಟೆಗೆ ಮಾಡಿ" ಎಂದರು.

"ನಾಳೆವರೆಗೆ ತಡೆದುಕೋ ಅಂತ ದನಕ್ಕೆ ನೀವೇ ಹೇಳಿ. ಫೋನ್ ಅದರ ಕಿವಿಗೆ ಹಿಡೀತೇನೆ" ಎಂದೆ. ಫೋನ್ ಇಟ್ಟುಬಿಟ್ಟರು.

ಮಣಿಪಾಲದ ಒಂದು ಕ್ಲಿನಿಕ್ಕಿನವರು ನಾಯಿ, ಬೆಕ್ಕು ಮಾತ್ರ ನೋಡುತ್ತಾರಂತೆ. ಪಶು ಸಹಾಯವಾಣಿಯ ಹುಡುಗಿ ಮೊದಲು "ಪೆರ್ಡೂರು ಯಾವ ಜಿಲ್ಲೆ ಸರ್?" ಎಂದು ಕೇಳಿದಳು. ಆಮೇಲೆ ಚಿಕಿತ್ಸೆಯ ಗಾಡಿ ಬಜಗೋಳಿ ಕಡೆ ಹೋಗಿದೆ ಎಂದಳು. ಯಾವಾಗ ಬರುತ್ತದೆ ಎಂಬುದು ಅವಳ ಕಂಪ್ಯೂಟರಿನಲ್ಲಿ ಇರಲಿಲ್ಲ. ಗೋಮಾತೆ ಎಂದು ಕೈಮುಗಿಯಲು ವಾರದ ಏಳೂ ದಿನ ಜನ ಸಿಗುತ್ತಾರೆ, ಆ ಮಾತೆಯ ಹೊಟ್ಟೆ ಮುಟ್ಟಿ ನೋಡಲು ಮಾತ್ರ ಕಚೇರಿ ಸಮಯ. ಮೈಯೆಲ್ಲ ಉರಿಯಿತು ನನಗೆ.

ಕೊನೆಗೆ ಸಿಕ್ಕಿದ ಡಾಕ್ಟರು ಸಂತೆಕಟ್ಟೆಯಲ್ಲಿ ಅಣ್ಣನ ಮಗಳ ಮದುವೆಯಲ್ಲಿದ್ದರು. ವಾಲಗದ ಸದ್ದಿನ ನಡುವೆ ಅವರಿಗೂ ಬೈದೆ. ಅವರು ಸಿಟ್ಟಾಗಲಿಲ್ಲ.

"ಎಂತ ತಿಂದಿದೆ?"

"ಹುಲ್ಲು" ಎಂದೆ.

"ಬೇರೆ ಎಂತದ್ದೂ ಇಲ್ಲ ಅಲ್ವಾ?"

"ಇಲ್ಲ."

ಅಕ್ಕ ನನ್ನ ಮುಖ ನೋಡಿದರು.

ಹಿಂದಿನ ದಿನ ನಮ್ಮ ಮನೆಯಲ್ಲಿ ಪೂಜೆಯಿತ್ತು. ಬರುತ್ತೇವೆ ಎಂದವರಲ್ಲಿ ಅರ್ಧ ಜನ ಬರಲಿಲ್ಲ. ಉಳಿದ ಅನ್ನ, ಪಾಯಸ ಚೆಲ್ಲಲು ಮನಸ್ಸಾಗದೆ ಎರಡು ಬಕೆಟ್ ತುಂಬಿಸಿ ಬೇಲಿಯ ಮೇಲಿಂದ ಅಕ್ಕನಿಗೆ ಕೊಟ್ಟವನು ನಾನೇ. ಗೋವಿಗೆ ಕೊಟ್ಟರೆ ಪುಣ್ಯ ಎಂದೂ ಹೇಳಿದ್ದೆ. ಪೂಜೆಯ ಊಟಕ್ಕೆ ಕೆಟ್ಟ ಹೆಸರು ಬರಬಾರದಲ್ಲ, ಅದಕ್ಕೆ ಹುಲ್ಲು ಎಂದೆ.

"ಎಣ್ಣೆ, ಇಂಗು ಕುಡಿಸಿ, ಬರ್ತೇನೆ" ಎಂದಿದ್ದ ಡಾಕ್ಟರು ಧಾರೆ ಮುಗಿಸಿ, ಊಟ ಬಿಟ್ಟು, ಜರಿ ಪಂಚೆಯಲ್ಲೇ ಬಂದರು. ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೀರಾಗಿದ್ದ ಸಗಣಿಯನ್ನು ಬೆರಳಿನಿಂದ ಕೆದಕಿದರು. ಇಡೀ ಇಡೀ ಅಗುಳು.

"ಅನ್ನ ಉಂಟಲ್ಲ ಮಾರಾಯ್ರೆ ಇದರಲ್ಲಿ. ಹೊಟ್ಟೆ ಹುಳಿಯಾಗಿದೆ. ಆಗಲೇ ಹೇಳಿದ್ದರೆ ಅಡಿಗೆ ಸೋಡಾ ನೀರಲ್ಲಿ ಕದಡಿ ಕುಡಿಸಲಿಕ್ಕೆ ಹೇಳ್ತಿದ್ದೆ. ನಾನು ಬರುವಷ್ಟರಲ್ಲಿ ಇಷ್ಟು ಬಿಗಡಾಯಿಸ್ತಿರಲಿಲ್ಲ."

ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು. ಮೂರು ಗಂಟೆಗೆ ದನ ಸತ್ತಿತು, ಒಳಗಿದ್ದ ಕರುವೂ ಹೋಯಿತು. "ನೀವು ಪ್ರೀತಿಯಲ್ಲಿ ಕೊಟ್ಟದ್ದಲ್ವಾ" ಎಂದರು ಅಕ್ಕ. ಅವರು ಬೈದಿದ್ದರೆ ಒಳ್ಳೆಯದಿತ್ತು.

ಆ ಬೀಗದ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಆದರೆ ಸೋಡಾದ ಡಬ್ಬಿ ನಮ್ಮ ಅಡಿಗೆಮನೆಯಲ್ಲೇ ಇತ್ತು. ಅದಕ್ಕೆ ಭಾನುವಾರ ರಜೆ ಇರಲಿಲ್ಲ.