ಇನ್ನೊಂದು ಸಲ ಓಡಿಸೋಣ

ಪುಟ್ಟಿಯನ್ನು ಅವಳ ಅಕ್ಕನ ಹೊರತು ಯಾರೂ ಪುಟ್ಟಿ ಎನ್ನುತ್ತಿರಲಿಲ್ಲ. ಕಾಲೇಜಿನಲ್ಲಿ ಅವಳು ಕಂಪ್ಯೂಟರ್ ಮೇಡಂ. ಕೂದಲು ಬೆಳ್ಳಗಾಗತೊಡಗಿದ್ದರೂ ಅಕ್ಕ ಹುಬ್ಬು ಗಂಟಿಕ್ಕಿದರೆ ಸಾಕು, ಮೇಡಂ ಬಾಯಿಗೆ ಬೀಗ ಬೀಳುತ್ತಿತ್ತು. ತಾಯಿ ಹೋದ ಮೇಲೆ ತಲೆ ಬಾಚಿ, ಶಾಲೆಗೆ ಕಳಿಸಿ, ಅವಳು ಏನು ಓದಬೇಕೆಂಬುದನ್ನೂ ತಾನೇ ತೀರ್ಮಾನಿಸಿ ಬೆಳೆಸಿದವಳು ಅಕ್ಕ. ಅಂಥವಳ ಎದುರು ಮಾತಾಡುವುದೇನು ಹುಡುಗಾಟವೇ?

ಅಕ್ಕ ಪುರಾತತ್ವದವಳು. ಜೀವಮಾನವೆಲ್ಲ ಮಣ್ಣು ಅಗೆದು ಮೊಣಕಾಲು ಸವೆಸಿಕೊಂಡವಳು. ಊರಾಚೆಯ ದಿಬ್ಬದ ಮೇಲೆ ಸಾವಿರಾರು ವರ್ಷಗಳ ಹಿಂದೆ ಜನ ಬಾಳಿದ್ದರು ಎನ್ನುವುದು ಅವಳ ಹಟ. ಆ ದಿಬ್ಬವನ್ನು ಸೀಳಿಕೊಂಡು ಈಗ ಹೆದ್ದಾರಿ ಬರುವುದಿತ್ತು. ಮೇಲಿನವರು ಅನುಮತಿ ಕೊಟ್ಟಿದ್ದು ಒಂದೇ ಒಂದು ಗುಂಡಿಗೆ. ಅದರಲ್ಲಿ ಜನರಿದ್ದ ಗುರುತು ಸಿಕ್ಕರೆ ರಸ್ತೆ ಬಳಸಿ ಹೋಗುತ್ತದೆ. ಬರಿ ಮಣ್ಣು ಸಿಕ್ಕರೆ ದಿಬ್ಬ ಬುಲ್ಡೋಜರ್ ಪಾಲು. ಎಲ್ಲಿ ಅಗೆಯುವುದೆಂದು ತಲೆ ಕೆಡಿಸಿಕೊಂಡ ಅಕ್ಕ, "ನಮ್ಮ ತಂಡಕ್ಕೆ ನಿನ್ನ ಸಿಮ್ಯುಲೇಶನ್ ಕಲಿಸು ಬಾ" ಎಂದು ತಂಗಿಯನ್ನು ಕರೆಸಿದ್ದಳು.

ದಿಬ್ಬದ ಬುಡದ ತಗಡಿನ ಶೆಡ್ಡಿನಲ್ಲಿ ಪಾಠ. ಇಳಿಜಾರು, ಹಳ್ಳ, ಗಾಳಿಯ ದಿಕ್ಕು ಎಲ್ಲವನ್ನೂ ಕಂಪ್ಯೂಟರಿಗೆ ತುಂಬುವುದು, ಒಂದಷ್ಟು ಕಲ್ಪನೆಯ ಸಂಸಾರಗಳನ್ನು ಪರದೆಯ ಮೇಲಿನ ಆ ದಿಬ್ಬದಲ್ಲಿ ಬಿಡುವುದು. ಅವು ಗುಡಿಸಲು ಹಾಕುತ್ತವೆ, ನೀರು ಹೊರುತ್ತವೆ, ಕಸ ಎಸೆಯುತ್ತವೆ. ನೋಡನೋಡುತ್ತಲೇ ನೂರಾರು ವರ್ಷ ಕಳೆದುಹೋಗುತ್ತದೆ. ಪ್ರೋಗ್ರಾಮಿನ ಮೊದಲ ಓಟ ಮುಗಿದಾಗ ಪರದೆಯ ಮೇಲೆ ಗುಡಿಸಲುಗಳನ್ನು ತೋರಿಸುವ ಚುಕ್ಕಿಗಳು ಉತ್ತರದ ಇಳಿಜಾರಿನಲ್ಲಿ ಗುಂಪುಗೂಡಿದ್ದವು. ಕಂಡದ್ದೇ ತಡ, ಅಕ್ಕ ಎದ್ದು ನಿಂತಳು.

"ಸಾಕು. ಗುಡಿಸಲು ಇದ್ದಿದ್ದು ಅಲ್ಲೇ. ನಾಳೆ ಬೆಳಿಗ್ಗೆ ಅಲ್ಲೇ ಗುದ್ದಲಿ ಹಾಕೋದು."

ತಂಡದವರು ಜಾಗ ಗುರುತು ಮಾಡಲು ಹಗ್ಗ, ಗೂಟ ಎತ್ತಿಕೊಂಡೇಬಿಟ್ಟರು. ಇದು ಅಗೆಯುವವರೆಲ್ಲ ಮಾಡುವ ತಪ್ಪು ಎನಿಸಿತು ಪುಟ್ಟಿಗೆ. ಒಮ್ಮೆ ಅಗೆದ ನೆಲವನ್ನು ಮತ್ತೆ ಮೊದಲಿನಿಂದ ಅಗೆಯಲು ಬರುವುದಿಲ್ಲ. ಹೀಗಾಗಿ ಕಂಡದ್ದನ್ನು ಒಂದೇ ಸಲಕ್ಕೆ ನಂಬಿಬಿಡುವುದು ಅವರ ರಕ್ತದಲ್ಲೇ ಬಂದಿದೆ. ಆದರೆ ಪರದೆಯ ಮೇಲಿನ ಸಂಸಾರಗಳು ಚೀಟಿ ಎತ್ತಿದ ಹಾಗೆ ಜಾಗ ಆರಿಸಿಕೊಳ್ಳುತ್ತವೆ. ಒಂದು ಓಟದ ಊರು ಇನ್ನೊಂದು ಓಟದಲ್ಲಿ ಅಲ್ಲೇ ಇರುತ್ತದೆಂದು ಹೇಳಲಾಗದು.

"ಅಕ್ಕ, ಇನ್ನೊಂದು ಸಲ ಓಡಿಸೋಣ."

"ಯಾಕೆ, ನಿನ್ನ ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಸುಳ್ಳಲ್ಲ. ಹೀಗೂ ಆಗಿರಬಹುದು ಅನ್ನುತ್ತೆ. ಹೀಗೇ ಆಯ್ತು ಅನ್ನಲ್ಲ."

"ಮಣ್ಣಿನ ವಿಷಯ ನನಗೆ ಹೇಳಿಕೊಡಬೇಡ ಪುಟ್ಟಿ. ನೀನು ಜಡೆ ಹಾಕ್ಕೊಳ್ಳೋದು ಕಲಿಯೋಕೆ ಮುಂಚಿಂದ ಅಗೀತಿದ್ದೀನಿ."

ತಂಡದವರು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಬಾಯಿಗೆ ಬೀಗ ಬೀಳುವ ಹೊತ್ತು ಅದು. ಯಾಕೋ ಬೀಳಲಿಲ್ಲ. ಪುಟ್ಟಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ನಾನು ಬಿಡಲ್ಲ ಅಕ್ಕ. ಮೊದಲು ಓಡಿಸೋಣ, ಆಮೇಲೆ ಎಷ್ಟು ಬೇಕಾದ್ರೂ ಬೈ."

ಓಡಿಸಿದರು. ಗುಡಿಸಲುಗಳು ದಕ್ಷಿಣಕ್ಕೆ ಹೋದವು. ಮತ್ತೆ ಓಡಿಸಿದರು, ದಿಬ್ಬದ ನೆತ್ತಿ ಹತ್ತಿ ಕೂತವು. ಅಕ್ಕನ ಮುಖ ಕಪ್ಪಿಡುತ್ತ ಹೋಯಿತು. ಸಂಜೆಯವರೆಗೆ ಓಡಿಸಿ ಎಲ್ಲವನ್ನೂ ಒಂದರ ಮೇಲೊಂದಿಟ್ಟು ನೋಡಿದರೆ, ಗುಡಿಸಲುಗಳಿಗೆ ಒಂದು ನೆಲೆಯೇ ಇಲ್ಲ. ಕಸ ಮಾತ್ರ ಹೆಚ್ಚಿನ ಓಟಗಳಲ್ಲಿ ಮಳೆನೀರಿಗೆ ಕೊಚ್ಚಿಕೊಂಡು ಪೂರ್ವದ ಒಂದು ತಗ್ಗಿಗೆ ಬಂದು ಬೀಳುತ್ತಿತ್ತು.

"ಮನೆ ಹುಡುಕೋಕೆ ಬಂದೋಳು ತಿಪ್ಪೆ ಕೆದಕಬೇಕಾ?" ಎಂದು ಗೊಣಗಿದ ಅಕ್ಕ ಏನನ್ನೂ ತೀರ್ಮಾನಿಸದೆ ಎದ್ದು ಹೋದಳು.

ಬೆಳಿಗ್ಗೆ ಪುಟ್ಟಿ ಬಂದು ನೋಡಿದರೆ ಗೂಟ ನೆಟ್ಟಿದ್ದು ಪೂರ್ವದ ತಗ್ಗಿನಲ್ಲಿ. ಅವಳಿಗೆ ಖುಷಿಯಾಗಲಿಲ್ಲ, ಭಯವಾಯಿತು. ಗುಂಡಿ ಮೊಣಕಾಲುದ್ದ ಇಳಿಯಿತು, ಸೊಂಟದುದ್ದ ಇಳಿಯಿತು. ಬರಿ ಕೆಂಪು ಮಣ್ಣು. ರಸ್ತೆಯ ಇಂಜಿನಿಯರ್ ದಂಡೆಯಲ್ಲಿ ನಿಂತು ಆಕಳಿಸುತ್ತಿದ್ದ. ಅವನ ಹಿಂದೆ ಬುಲ್ಡೋಜರ್ ಗುರುಗುಟ್ಟುತ್ತಿತ್ತು. ಅಕ್ಕನ ಇಡೀ ಬದುಕಿನ ದುಡಿಮೆಯನ್ನು ನಾನೇ ಕೈಯಾರೆ ಹಾಳು ಮಾಡಿದೆ ಎಂದುಕೊಂಡು ಪುಟ್ಟಿ ಕಣ್ಣು ಮುಚ್ಚಿಕೊಂಡಳು.

ಕೆಳಗೆ ಗುಂಡಿಯಲ್ಲಿ ಮಣ್ಣು ಕೆರೆಯುತ್ತಿದ್ದ ಅಕ್ಕನ ಕರಣೆ ಏನಕ್ಕೋ ತಗುಲಿ ಟಕ್ಕೆಂದಿತು. ಮಡಕೆಯ ಚೂರು. ಅದರ ಸುತ್ತ ಬೂದಿ, ಸುಟ್ಟ ಮೂಳೆ, ಮತ್ತಷ್ಟು ಚೂರು. ಯಾರೋ ಕೂಗಿದರು. ಇಂಜಿನಿಯರ್ ಬಗ್ಗಿ ನೋಡಿ, ಬುಲ್ಡೋಜರಿನವನಿಗೆ ನಿಲ್ಲಿಸು ಎಂದು ಕೈಸನ್ನೆ ಮಾಡಿದ.

ಅಕ್ಕ ಗುಂಡಿಯೊಳಗಿಂದಲೇ ಕರೆದಳು. ಪುಟ್ಟಿ ಇಳಿದಳು. ಇಳಿದರೂ ಮನಸ್ಸು ತಡೆಯಲಿಲ್ಲ.

"ಎಲ್ಲ ಓಟದಲ್ಲೂ ಕಸ ಇಲ್ಲಿಗೆ ಬರ್ಲಿಲ್ಲ ಅಕ್ಕ. ಬರಿ ಮಣ್ಣೇ ಸಿಗಬಹುದಿತ್ತು."

"ಗೊತ್ತು. ನನಗೇನು ಕಣ್ಣಿಲ್ವಾ?"

"ಮತ್ಯಾಕೆ ಇಲ್ಲೇ ಅಗೆಸ್ದೆ?"

ಅಕ್ಕ ಬೂದಿ ಮೆತ್ತಿದ ಕೈಯಲ್ಲೇ ಅವಳ ಗಲ್ಲ ಹಿಡಿದಳು. "ಜಿರಳೆ ಕಂಡ್ರೂ ನನ್ನ ಬೆನ್ನ ಹಿಂದೆ ಅಡಗೋಳು ನೀನು. ಅಂಥೋಳು ನಿನ್ನೆ ನನಗೇ ಅಡ್ಡ ನಿಂತ್ಯಲ್ಲ. ನಾನು ನಂಬಿದ್ದು ಅದನ್ನ, ನಿನ್ನ ಕಂಪ್ಯೂಟರನ್ನಲ್ಲ."