ಮೊಲ ಎಣಿಸುವ ನಂದೀಶ

ನಂದೀಶನನ್ನು ನಾನು ಮೊದಲ ಸಲ ನೋಡಿದಾಗ ಅವನು ಹಿತ್ತಲಲ್ಲಿ ನಿಂತು ಪೈಪಿನ ನೀರು ಸುರಿದುಕೊಂಡು ನಡುಗುತ್ತಿದ್ದ. ಎರಡು ಸಾವಿರದ ಮೂರನೇ ಇಸವಿಯ ಜೂನ್ ತಿಂಗಳು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜೂನ್ ಅಂದರೆ ಮೈ ಕೊರೆಯುವ ಚಳಿ. ನಮ್ಮವರು ತೀರಿದ ಮೇಲೆ ನಾನು ಪಾಮರ್ಸ್ಟನ್ ನಾರ್ತಿಗೆ, ಮಗಳು ಮಯೂರಿಯ ಮನೆಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ. ಎರಡು ಮನೆಗಳ ನಡುವೆ ಎದೆಮಟ್ಟದ ಬೇಲಿ. ಅವನು ಬೂಟು ತೊಳೆದ, ತೊಟ್ಟ ಬಟ್ಟೆ ಬಕೆಟ್ಟಿನಲ್ಲಿ ಅದ್ದಿದ, ತಲೆಯ ಮೇಲೆ ನೀರು ಬಿಟ್ಟುಕೊಂಡ, ಟವೆಲ್ ಸುತ್ತಿಕೊಂಡ. ಬಾಗಿಲನ್ನು ಕೈಯಿಂದ ಮುಟ್ಟಲಿಲ್ಲ. ಒಳಗಿನಿಂದ ಹೆಂಡತಿ ತೆಗೆದಳು.

ಮಣ್ಣಿಗೆ ಹೋಗಿ ಬಂದವರು ಹೀಗೆ ಮಾಡುವುದು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಬುತ್ತಿ ಒಯ್ಯಬೇಕು. ಅದು ಕನ್ನಡದವರ ಮನೆ ಅಂತ ಮಯೂರಿ ಹೇಳಿದ್ದಳು. ರೊಟ್ಟಿ ಬಡಿದೆ, ಜುಣಕ ಮಾಡಿದೆ, ಬಟ್ಟೆಯಲ್ಲಿ ಕಟ್ಟಿಕೊಂಡು ಹೋದೆ.

“ಯಾರು ತೀರಿಕೊಂಡ್ರಪಾ?” ಅಂದೆ.

ನಂದೀಶ ಗಂಟನ್ನು ನೋಡಿದ, ನನ್ನನ್ನು ನೋಡಿದ. “ನೀವು ಮಯೂರಿ ಅವರ ತಾಯಿಯವರೇನ್ರಿ? ಯಾರೂ ತೀರಿಕೊಂಡಿಲ್ರಿ ಅವ್ವಾ.”

“ಮತ್ತ ಈ ಥಂಡ್ಯಾಗ ಹೊರಗ ಜಳಕ?”

ಒಳಗಿನಿಂದ ಅವನ ಹೆಂಡತಿ ಉಷಾ ನಕ್ಕಳು. “ಹೇಳ್ರಿ, ನಿಮ್ಮ ಆಫೀಸು ಸುಡುಗಾಡದಾಗ ಐತಿ ಅಂತ ಹೇಳ್ರಿ.”

ಅವನು ದನಿ ತಗ್ಗಿಸಿದ. “ಮೊಲ ಸತ್ತಾವ್ರಿ. ನಾನೇ ರೋಗ ಹಾಕಿ ಬಂದೇನಿ.”

ಅಷ್ಟರಲ್ಲಿ ಅವರ ಮಗಳು ತಾರಾ ಓಡಿ ಬಂದಳು. ಏಳು ವರ್ಷದವಳು. ತೋಳಿನಲ್ಲಿ ಬೆಲ್ಲದ ಬಣ್ಣದ ಒಂದು ಮೊಲ. ಅದರ ಹೆಸರೂ ಬೆಲ್ಲವೇ. “ಹೌ ಮೆನಿ ಟುಡೇ, ಡ್ಯಾಡಿ?” ಅಂದಳು.

“ನಲವತ್ತು, ಪುಟ್ಟಿ.”

ಅಪ್ಪನ ಕೆಲಸ ಮೊಲ ಎಣಿಸುವುದು ಅಂತ ಆ ಕೂಸಿಗೆ ಹೇಳಿಟ್ಟಿದ್ದರು. ಅವನು ನನ್ನನ್ನು ನೋಡಿದ ರೀತಿಗೆ ನಾನು ಬಾಯಿ ಮುಚ್ಚಿಕೊಂಡೆ. ಬುತ್ತಿಯನ್ನು ಮಾತ್ರ ಅವನು ತಿರುಗಿ ಕೊಡಲಿಲ್ಲ. “ಇಷ್ಟು ಸತ್ತಾವು, ಇವತ್ತು ಒಬ್ಬರರ ರೊಟ್ಟಿ ತಂದ್ರಿ,” ಅಂದ.

ನಂದೀಶ ನವಲಗುಂದದ ಕಡೆಯವನು. ಧಾರವಾಡದಲ್ಲಿ ಕೃಷಿ ಓದಿದ್ದ. ಆ ಓದಿಗೆ ಇಲ್ಲಿ ಕೆಲಸ ಸಿಗದೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೇರಿದ್ದ. ಪಶ್ಚಿಮಕ್ಕೆ, ಸಮುದ್ರದ ದಂಡೆಗೆ, ಮರಳುಗುಡ್ಡಗಳ ಸಾಲು. ಅಲ್ಲಿ ಕುರಿ ಮೇಯಿಸುತ್ತಾರೆ. ಮೊಲಗಳು ಹುಲ್ಲು ಬೇರಿನವರೆಗೆ ತಿಂದು, ಬಿಲ ತೋಡಿ ಬಿಟ್ಟರೆ ಮರಳು ಗಾಳಿಗೆ ಎದ್ದು ಹೋಗುತ್ತದೆ. ಹೆಚ್ಚಿದ ಗಜ್ಜರಿಗೆ ರೋಗದ ನೀರು ಕಲೆಸಿ, ಸಾಲು ಹಿಡಿದು ಚೆಲ್ಲಿ ಬರುವುದು ಅವನ ಕೆಲಸ. ಕುರಿಗೆ, ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ, ಮೊಲಕ್ಕೆ ಮಾತ್ರ. ಆಮೇಲೆ ಹೋಗಿ ಉಳಿದ ಮೊಲಗಳನ್ನು ಎಣಿಸುವುದೂ ಅವನ ಕೆಲಸವೇ. ಮಗಳಿಗೆ ಹೇಳಿದ್ದು ಆ ಅರ್ಧ. ಬೂಟಿಗೆ, ಬಟ್ಟೆಗೆ ರೋಗ ಅಂಟಿ ಬಂದರೆ ಬೆಲ್ಲಕ್ಕೆ ತಗಲುತ್ತದೆ ಅಂತ ಹಿತ್ತಲಿನ ಜಳಕ. ವರ್ಷಕ್ಕೊಮ್ಮೆ ಅದಕ್ಕೆ ಆ ರೋಗ ತಡೆಯುವ ಸೂಜಿ ಹಾಕಿಸುತ್ತಿದ್ದ, ಆದರೂ ಧೈರ್ಯ ಸಾಲದು.

ಅವನು ಮಾಂಸ ಮುಟ್ಟಿದವನಲ್ಲ. ಮನೆಯಲ್ಲಿ ಜೇಡ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಗಿಡಕ್ಕೆ ಬಿಟ್ಟು ಬರುತ್ತಿದ್ದ. ನಾನು ಗಜ್ಜರಿ ಪಲ್ಯ ಮಾಡಿ ಒಯ್ದರೆ ಮಾತ್ರ ಸುಮ್ಮನೆ ತಾಟು ಸರಿಸುತ್ತಿದ್ದ. ಯುಗಾದಿಯ ಕೂಟದಲ್ಲಿ ಯಾರಾದರೂ ಕೆಲಸ ಕೇಳಿದರೆ “ಪೆಸ್ಟ್ ಕಂಟ್ರೋಲ್” ಅನ್ನುತ್ತಿದ್ದ. ಅವರು, “ನಮ್ಮ ಕಿಚನ್ನಲ್ಲೂ ಜಿರಳೆ ಇವೆ, ಸಂಡೇ ಬರ್ತೀರಾ?” ಅನ್ನುವರು. ಇವನು ನಕ್ಕು ಪಾನಕ ಕುಡಿಯುವನು.

ಒಂದು ಸಲ ಕೇಳಿದೆ, “ಯಾಕಪಾ, ಅವು ಇರಲಿ ಬಿಡಂದ್ರ ಏನಾಕ್ಕೈತಿ?”

“ಅವು ಈ ನೆಲದ್ದಲ್ಲ ಅವ್ವಾ. ಬಿಳೀ ಮಂದಿ ಹಡಗದಾಗ ತಂದು ಬಿಟ್ಟಾರ. ಹೊರಗಿಂದ ಬಂದು ಭಾಳ ಆಗ್ಯಾವ.”

“ಹಂಗಾರ ನಾವು?”

“ನಾವಿನ್ನೂ ಭಾಳ ಆಗಿಲ್ಲ,” ಅಂದ. ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕೆವು.

ವರ್ಷ ಕಳೆದಂತೆ ಅವನು ತಾರಾಳಿಗೆ ಹೇಳುವ ಲೆಕ್ಕ ಇಳಿಯುತ್ತ ಬಂತು. ಕೊನೆಗೆ ಕೈಬೆರಳಿಗೆ ಬಂದು ನಿಂತಿತು. ಬೇಲಿಗೆ ಮೊಳಕೈ ಊರಿ ನನಗೆ ಹೇಳುತ್ತಿದ್ದ, “ಮೊದಲು ಚಪ್ಪಾಳಿ ಹೊಡದ್ರ ಇಡೀ ಗುಡ್ಡ ಎದ್ದು ಓಡಿದಂಗ ಆಗ್ತಿತ್ತು ಅವ್ವಾ. ಈಗ ಹುಲ್ಲಷ್ಟ ಅಳ್ಳಾಡತೈತಿ.” ಹಾಗನ್ನುವಾಗ ಅವನ ಕಣ್ಣು ನನ್ನ ಮೇಲೆ ಇರುತ್ತಿರಲಿಲ್ಲ. ಮುಂದೆ ಯಾವುದೋ ಗುಡ್ಡ ಓಡುತ್ತಿದೆ ಅನ್ನುವ ಹಾಗೆ ನೋಡುತ್ತಿದ್ದ. ಮಗಳಿಗೆ ನಿಜ ಗೊತ್ತಾದರೆ ಇನ್ನು ತನ್ನ ತೊಡೆಯ ಮೇಲೆ ಕೂರುವಳೋ ಇಲ್ಲವೋ ಅನ್ನುವುದೊಂದೇ ಅವನ ಭಯ.

ತಾರಾಳಿಗೆ ಹತ್ತು ತುಂಬಿದ ವರ್ಷ, ಶಾಲೆಗೆ ಚಳಿಗಾಲದ ರಜೆ ಬಿಟ್ಟಾಗ, ತಾನೂ ಮೊಲ ಎಣಿಸಲು ಬರುತ್ತೇನೆ ಅಂತ ಹಟ ಹಿಡಿದಳು. ಅವನು ಹೇಳಬಹುದಾದ ನೆಪಗಳೆಲ್ಲ ತೀರಿದ್ದವು. ಉಷಾಗೆ ಡ್ಯೂಟಿ. “ನೀನರ ಸಂಗಾಟ ಬಾ ಅವ್ವಾ,” ಅಂದ.

ಬೆಳಕು ಮೂಡುವ ಹೊತ್ತಿಗೆ ಹೊರಟೆವು. ಬೆನ್ನ ಹಿಂದೆ ಗುಡ್ಡಸಾಲಿನ ಮೇಲಿನ ಗಾಳಿಗಿರಣಿಗಳಿಗೆ ಕಾಲೇ ಇರಲಿಲ್ಲ, ಮಂಜಿನ ಮೇಲೆ ಬರೀ ರೆಕ್ಕೆಗಳು ತಿರುಗುತ್ತಿದ್ದವು. ಮುಂದೆ ದಾರಿ ಇದೆಯೋ ಇಲ್ಲವೋ ಅನ್ನುವ ಹಾಗೆ ಕಾರು ತೇಲಿತು. ಮರಳುಗುಡ್ಡದ ಬುಡದಲ್ಲಿ ಒಂದು ಮರದ ದಿಮ್ಮಿಯ ಮೇಲೆ ಮೂವರೂ ಕೂತೆವು. ಹುಲ್ಲೆಲ್ಲ ಬೆಳ್ಳಗೆ. ಸಮುದ್ರ ಕಾಣುತ್ತಿರಲಿಲ್ಲ, ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಕುರಿಗಳು ಮಂಜಿನೊಳಗಿಂದ ಬಂದವು, ಮಂಜಿನೊಳಗೇ ಹೋದವು. ಎಷ್ಟು ಹೊತ್ತು ಕೂತೆವೋ. ನಾನು ಎಚ್ಚರ ಇದ್ದೆನೋ, ನಿದ್ದೆಯಲ್ಲಿ ಕೂತಿದ್ದೆನೋ, ಈಗಲೂ ಹೇಳಲಾರೆ.

ನಂದೀಶ ಎದ್ದು ಚಪ್ಪಾಳೆ ತಟ್ಟಿದ. ಏನೂ ಓಡಲಿಲ್ಲ.

“ದೇರ್!” ಅಂತ ತಾರಾ ಇಳಿಜಾರಿಗೆ ಓಡಿದಳು. ಹುಲ್ಲಿನ ಬುಡದಲ್ಲಿ ಒಂದು ಮೊಲ ಮಲಗಿತ್ತು. ಗಾಯವಿಲ್ಲ, ರಕ್ತವಿಲ್ಲ. ಕತ್ತು ಹಿಂದಕ್ಕೆ ವಾಲಿಸಿ, ಕಿವಿ ಚಾಚಿ ಮಲಗಿತ್ತು. ಅವಳು ಬಗ್ಗಿ ಕೈ ಚಾಚಿದಳು.

“ಮುಟ್ಟಬ್ಯಾಡ!” ಅಂತ ಅವನು ಕೂಗಿದ.

“ವೈ?”

“ಬೆಲ್ಲಕ್ಕ ಹತ್ತತೈತಿ. ರೋಗ.”

“ರೋಗ ಎಲ್ಲಿಂದ ಬಂತು?” ಆ ಕೂಸು ಕನ್ನಡದಲ್ಲಿ ಕೇಳಿತು.

ಗಾಳಿಯಿಂದ ಬಂತು ಅನ್ನಬಹುದಿತ್ತು. ನೊಣ ತಂದವು ಅಂದರೂ ಸುಳ್ಳಾಗುತ್ತಿರಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಹುಲ್ಲಿನ ಮೇಲೆ ಮೊಣಕಾಲೂರಿ ಕೂತ.

“ನಾ ತಂದೆ ಪುಟ್ಟಿ.”

“ಎಣಿಸ್ತೀನಿ ಅಂದಿ.”

“ಎಣಿಸ್ತೀನಿ. ಸತ್ತ ಮ್ಯಾಲ ಉಳದವನ್ನ.”

ಅವಳು ಅಳಲಿಲ್ಲ. ಒಬ್ಬಳೇ ಹೋಗಿ ಕಾರಿನಲ್ಲಿ ಕೂತಳು.

ಆಮೇಲೆ ಎಷ್ಟೋ ದಿನ, ಅಪ್ಪನ ಗಾಡಿ ಬಂದ ಸಪ್ಪಳ ಆದರೆ ಅವಳು ಬೆಲ್ಲವನ್ನು ಎತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಜಳಕ ಮುಗಿಸಿ ಒದ್ದೆ ತಲೆಯಲ್ಲಿ ಆ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಅಡಿಗೆಮನೆಗೆ ಹೋಗುತ್ತಿದ್ದ ಅಂತ ಉಷಾ ನನ್ನ ಮುಂದೆ ಕಣ್ಣೀರು ಹಾಕಿದಳು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಬಾಗಿಲು ಬೆರಳಷ್ಟು ತೆರೆಯಿತು.

“ಹೌ ಮೆನಿ?”

“ಆರು.”

“ಅಂಡ್ ಡೆಡ್?”

ಅವನು ಅದನ್ನೂ ಹೇಳಿದ. ನಾನು ಆ ಲೆಕ್ಕ ಇಲ್ಲಿ ಬರೆಯುವುದಿಲ್ಲ.

“ನೋ ಮೋರ್ ಹಾಫ್, ಡ್ಯಾಡ್. ಪೂರ್ತಿ ಹೇಳು,” ಅಂದಳು. ತೊಡೆಯ ಮೇಲೆ ಕೂರುವ ವಯಸ್ಸು ಅಷ್ಟರಲ್ಲಿ ದಾಟಿತ್ತು. ಪಕ್ಕದಲ್ಲಿ ಬಂದು ಕೂತಳು.

ಮರುವರ್ಷ ನಂದೀಶನಿಗೆ ಬ್ರಿಸ್ಬೇನಿನಲ್ಲಿ ಓದಿಗೆ ತಕ್ಕ ಕೆಲಸ ಸಿಕ್ಕಿತು, ತರಕಾರಿ ಬೀಜದ ಕಂಪನಿಯಲ್ಲಿ. ಆ ಸೀಮೆಯಲ್ಲಿ ಮನೆಯೊಳಗೆ ಮೊಲ ಸಾಕಲು ಸರ್ಕಾರ ಬಿಡುವುದಿಲ್ಲವಂತೆ. ಬೆಲ್ಲಕ್ಕೂ ವಯಸ್ಸಾಗಿತ್ತು. ಹೊರಡುವ ದಿನ ತಾರಾ ಅದರ ಹಣೆಗೆ ಹಣೆ ಹಚ್ಚಿ, ಹಿಂತಿರುಗಿ ನೋಡದೆ ಕಾರು ಹತ್ತಿದಳು. ನಂದೀಶ ಬೆಲ್ಲವಿದ್ದ ಗೂಡನ್ನು ಬೇಲಿಯ ಮೇಲಿನಿಂದ ನನ್ನ ಕೈಗೆ ದಾಟಿಸಿದ, ಆದರೆ ಹಿಡಿದ ಕೈ ಬಿಡಲಿಲ್ಲ.

“ಅವ್ವಾ, ಇದಕ್ಕ ಏನರ ಆದ್ರ ಮೊದಲು ನನಗ ಫೋನ್ ಮಾಡಬ್ಯಾಡ. ನನ್ನ ಬಾಯಾಗ ಮತ್ತ ಅರ್ಧಾನ ಬರತೈತಿ. ಸೀದಾ ತಾರಾಗೇ ಹೇಳ್ತಿ, ಹೌದಲ್ಲ?”