ಬೂರುಲಕ್ಕ ತೊರು ಕುದುರೆಗೆ ಬಣ್ಣ ಹುಡುಕಿದ್ದು

‘ಬೂರುಲ್ ಬಂದ್ಲು, ಟಿವಿ ಮುಚ್ಚಿಡ್ರೋ! ಬೂದಿ ಬಳಿದು ಹೋಗ್ತಾಳೆ!’

ಬೆಟ್ಟದೂರು ಕೊಚ್ಕೋರಿನ ನಮ್ಮ ಬೀದಿಯವರು ಹೀಗೆ ಆಡಿಕೊಳ್ಳುತ್ತಿದ್ದರು. ಅಂಗಡಿಯಿಂದ ಬಂದ ಹೊಸ ಟಿವಿಯಲ್ಲಿ ಹುಲ್ಲು ಗಿಳಿಹಸಿರು, ಆಕಾಶ ನೀಲಿಶಾಯಿ, ವಾರ್ತೆ ಓದುವವಳ ಮುಖ ಕ್ಯಾರೆಟ್ಟು. ಜನಕ್ಕೆ ಅದೇ ಚೆಂದ. ಬೂರುಲ್ ರಿಮೋಟು ಹಿಡಿದು ಕೂತಳೆಂದರೆ ಆ ಥಳಕೆಲ್ಲ ಇಳಿದುಹೋಗುತ್ತಿತ್ತು. ನಲವತ್ತು ವರ್ಷ ಕಂಬಳಿಯ ಉಣ್ಣೆಗೆ ಬಣ್ಣ ಹಾಕಿದ ಕಣ್ಣು ಅವಳದು. ಸುಳ್ಳು ಬಣ್ಣ ಕಂಡರೆ ಆ ಕಣ್ಣಿಗೆ ಮರಳು ಬಿದ್ದಂತಾಗುತ್ತಿತ್ತು. ಹಳೆಯ ಹಿಟ್ಟಿನ ಚೀಲದಲ್ಲಿ ಉಣ್ಣೆಯ ಎರಡು ತುಂಡು, ಒಂದು ಬಿಳಿ, ಒಂದು ಕಪ್ಪು. ಅವಳ ಸಲಕರಣೆ ಅಷ್ಟೇ.

ಆ ಭಾನುವಾರ ಮಧ್ಯಾಹ್ನ ಕುದುರೆ ಸಾಕುವ ಶಾರ್ಶೆನ್ ಟೋಪಿ ಕೈಯಲ್ಲಿ ಹಿಡಿದು ಓಡಿಬಂದ.

‘ಬೂರುಲಕ್ಕ, ಏಳು, ಏಳು! ಎರಡು ಗಂಟೆಗೆ ಫೈನಲ್ಲು. ನನ್ನ ಮಗ ಆಡ್ತಾನೆ!’

‘ನಿನ್ನ ಮಗ ಬೆಟ್ಟದ ಮೇಲೆ ಕುರಿ ಕಾಯ್ತಿದಾನಲ್ಲೋ?’

‘ಅವನಲ್ಲ ಅಕ್ಕ, ತೊರು!’

ತೊರು ಎಂದರೆ ಕಡುಚಹಾದ ಬಣ್ಣದ ಕುದುರೆ. ಶಾರ್ಶೆನ್ ತನ್ನ ಕೈಯಾರೆ ಹೆರಿಗೆ ಮಾಡಿಸಿ, ಮೂರು ಚಳಿಗಾಲ ಸಾಕಿ, ನಾರಿನ್ ತಂಡದ ಕೊಕ್‌ಬೊರು ಆಟಕ್ಕೆ ಕೊಟ್ಟಿದ್ದ. ಆಡಿನ ಕಳೇಬರಕ್ಕಾಗಿ ಕುದುರೆಗಳೇ ಗುದ್ದಾಡುವ ಆಟ ಅದು. ಸವಾರರು ನಡುನಡುವೆ ಕುದುರೆ ಬದಲಿಸುತ್ತಾರೆ, ಅಂಗಿಯ ನಂಬರು ನೋಡಿ ಪ್ರಯೋಜನವಿಲ್ಲ. ಕುದುರೆಯನ್ನು ಬಣ್ಣದಿಂದಲೇ ಹಿಡಿಯಬೇಕು.

‘ಹೋದ ವಾರ ಕಣ್ಣು ಕೀಲಿಸಿ ಕೂತಿದ್ದೆ. ಎಲ್ಲಾ ಕುದುರೆನೂ ಕ್ಯಾರೆಟ್ಟು! ನಾನು ಹುಟ್ಟಿಸಿದ್ದನ್ನ ನಾನೇ ಗುರುತು ಹಿಡೀಲಿಲ್ಲ. ಇವತ್ತೂ ಹಿಡೀದಿದ್ರೆ ನಾನೆಂಥ ಕುದುರೆಯವನು?’

ಬೂರುಲ್ ಚೀಲ ಎತ್ತಿಕೊಂಡಳು.

ಶಾರ್ಶೆನ್ ಮನೆಯ ಟಿವಿ, ಹೋದ ವರ್ಷ ಸೊಸೆ ಜಿಬೆಕ್ ತವರಿನಿಂದ ತಂದದ್ದು. ಕಸೂತಿ ಬಟ್ಟೆ ಹೊದ್ದು ಮದುಮಗಳಂತೆ ಕೂತಿತ್ತು. ಬೂರುಲ್ ಬಟ್ಟೆ ಸರಿಸಿ, ಕಿಟಕಿಯ ಪರದೆ ಎಳೆದು ಬಿಸಿಲು ತಡೆದಳು. ರಿಮೋಟಿನಿಂದ, ಅಂಗಡಿಯವರು ಇಟ್ಟಿದ್ದ ‘ಹೊಳಪು’ ಕ್ರಮ ತೆಗೆದು ‘ಸಿನಿಮಾ’ಕ್ಕೆ ಹಾಕಿದಳು. ಟಿವಿಯೊಳಗೆ ಬಿಳಿ ಟೋಪಿಯ ಮುದುಕರು ಹರಟುತ್ತಿದ್ದರು. ಹೋಲಿಸಿ ನೋಡಲು ಬಿಳಿ ಉಣ್ಣೆಯ ತುಂಡನ್ನು ಎತ್ತಿ ಹಿಡಿದಳು.

‘ಇವರ ಟೋಪಿಗೇನು ನೀಲಿ ಹಾಕಿ ಒಗೆದಿದಾರಾ?’ ಎನ್ನುತ್ತ ನೀಲಿ ಇಳಿಸಿ ಬಿಳಿಯನ್ನು ಬೆಚ್ಚಗಾಗಿಸಿದಳು. ಆಮೇಲೆ ಕಪ್ಪು. ಬೆಳಕು ಇಳಿಸಿದಳು, ಮತ್ತೆ ಇಳಿಸಿದಳು. ಊಹೂಂ! ಮುದುಕರ ಕಪ್ಪು ಕೋಟು ಹಾಲು ಚೆಲ್ಲಿದಂತೆಯೇ ಇತ್ತು. ಗಡಿಯಾರದಲ್ಲಿ ಎರಡಕ್ಕೆ ಹದಿನೈದು ನಿಮಿಷ.

‘ಅಕ್ಕ, ಬೇಗ!’

‘ಎಲ್ಲದರ ಮೇಲೂ ಕೆನೆ ಕಟ್ಟಿದ ಹಾಗಿದೆಯಲ್ಲೋ,’ ಎಂದು ಎದ್ದುಹೋಗಿ ಟಿವಿಯ ಅಂಚನ್ನು ಉಗುರಿನಲ್ಲಿ ಕೆರೆದಳು. ತೆಳು ಪ್ಲಾಸ್ಟಿಕ್ ಹಾಳೆ ಎದ್ದಿತು! ‘ಶಾರ್ಶೆನ್! ಇದೇನು?’

‘ಅದು... ಹೊಸತರ ಹಾಳೆ.’

‘ವರ್ಷವಾಯ್ತಲ್ಲೋ!’

‘ಸೊಸೆ ತವರಿನ ವಸ್ತು ಅಕ್ಕ. ಬೀಗರು ಬಂದ್ರೆ ನಿನ್ನೆ ತಂದ ಹಾಗೆ ಕಾಣ್ಬೇಡ್ವಾ? ರತ್ನಗಂಬಳಿಯ ಚೀಟೀನೂ ಕಿತ್ತಿಲ್ಲ. ನಾನು ಕೈ ಹಚ್ಚೋಹಾಗಿಲ್ಲ.’

ಚಹಾ ತಂದ ಜಿಬೆಕ್ ಬಾಗಿಲಲ್ಲೇ ನಿಂತಳು. ‘ಮಾವ, ನೀವು ನೊಂದ್ಕೋತೀರಿ ಅಂತ ನಾನು ಕೀಳಲಿಲ್ಲ!’

‘ನೀನು ನೊಂದ್ಕೋತೀಯ ಅಂತ ನಾನು ಕೀಳಲಿಲ್ಲ ಮಗಳೇ!’

‘ಇಬ್ಬರೂ ನೊಂದ್ಕೊಳ್ಳೋದು ಆಮೇಲಾಗ್ಲಿ,’ ಎಂದಳು ಬೂರುಲ್. ‘ಎಳಿ!’

ಜಿಬೆಕ್ ಚಹಾ ಕೆಳಗಿಟ್ಟು ಮೂಲೆ ಹಿಡಿದು ಎಳೆದಳು. ಚರ್ರ್! ಕೋಟು ಕಪ್ಪಾಯಿತು, ಅದರ ಗುಂಡಿಗಳೂ ಕಂಡವು.

ಅಷ್ಟರಲ್ಲಿ ಮೈದಾನ ಬಂತು. ಕುದುರೆಗಳು ಇನ್ನೂ ಕೆಂಪು ಮುದ್ದೆ. ಬಣ್ಣ ಎಷ್ಟು ಇಳಿಸಬೇಕು? ಹೆಚ್ಚಾದರೆ ಕ್ಯಾರೆಟ್ಟು, ಕಮ್ಮಿಯಾದರೆ ಮಣ್ಣು. ಚೀಲದಲ್ಲಿ ಇದಕ್ಕೆ ತುಂಡಿರಲಿಲ್ಲ.

‘ತೊರುವಿನ ತಾಯಿ ಎಲ್ಲಿ?’

‘ಲಾಯದಲ್ಲಿ. ಅವಳದೂ ಅದೇ ಬಣ್ಣ.’

‘ಕಿಟಕಿಗೆ ತಾ!’

ಶಾರ್ಶೆನ್ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಮರುಗಳಿಗೆಯಲ್ಲಿ ಕಿಟಕಿಯೊಳಗೆ ಕುದುರೆಯ ತಲೆ ತೂರಿಬಂತು. ಜಿಬೆಕ್ ಪರದೆಯನ್ನು ಗೇಣು ಸರಿಸಿದಳು. ಬೂರುಲ್ ಒಮ್ಮೆ ಕುದುರೆ, ಒಮ್ಮೆ ಟಿವಿ ನೋಡುತ್ತ ಬಣ್ಣ ಇಳಿಸುವ ಗುಂಡಿ ಒತ್ತಿದಳು. ಐವತ್ತೆಂಟು, ಐವತ್ತೈದು, ಐವತ್ತೊಂದು... ಕೆಂಪು ಮುದ್ದೆ ಒಡೆಯಿತು! ಒಂದು ತಾಮ್ರ, ಒಂದು ಹೊಗೆ, ಒಂದು ಜೇನು, ಮೂರು ಕಡುಚಹಾ.

‘ಮೂರಿವೆ ಮಾವ! ಯಾವುದು?’

ಶಾರ್ಶೆನ್ ಕುದುರೆ ಕಟ್ಟಿ ಒಳಗೋಡಿ ಬಂದು ಟಿವಿಗೆ ಮೂಗು ತಾಗಿಸಿ ಕೂತ. ಆಟ ಶುರುವಾಯಿತು. ಕುದುರೆಗಳು ಎದೆಗೆದೆ ಕೊಟ್ಟು ಗುದ್ದಿದವು, ಧೂಳೆದ್ದಿತು, ಮುದ್ದೆಯೊಳಗಿಂದ ಒಂದು ಕುದುರೆ ಭುಜ ತೂರಿಸಿಕೊಂಡು ಹೊರಗೆ ನುಗ್ಗಿತು, ಸವಾರನ ತೊಡೆಯಡಿ ಆಡು.

‘ಅಗೋ! ಅಗೋ ನನ್ನ ಮಗ! ಮೂತಿ ನೋಡ್ರೇ, ತಾಯಿಯದೇ ಬೂದುಮೂತಿ!’

ಮೂವರೂ ಕಿಟಕಿಯತ್ತ ತಿರುಗಿದರು. ಅದೇ ಮೂತಿ!

ಶಾರ್ಶೆನ್ ಕುಣಿದ, ಅತ್ತ, ಬೂರುಲಳ ಕೈ ಹಿಡಿದು ಅಲುಗಾಡಿಸಿದ. ಅವಳು ಹೊರಟಳು. ರೊಟ್ಟಿ ಮುರಿಯದೆ ಹೋಗುವುದುಂಟೇ ಎಂದು ಜಿಬೆಕ್ ವಾಪಸು ಎಳೆದುತಂದಳು. ಮತ್ತೆ ಹೊರಟಳು. ಶಾರ್ಶೆನ್ ಸಂಭ್ರಮದಲ್ಲಿ ರಿಮೋಟಿನ ಮೇಲೆಯೇ ಕೂತು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದ: ‘ಅಕ್ಕಾ, ಕ್ಯಾರೆಟ್ಟು!’ ಬೂರುಲ್ ಬಂದು ಸರಿಮಾಡಿ, ರಿಮೋಟನ್ನು ಜಿಬೆಕ್‌ಳ ಕೈಗೆ ಕೊಟ್ಟು, ಮೂರನೇ ಸಲ, ಕಡೇ ಸಲ, ಹೊಸ್ತಿಲು ದಾಟಿದಳು.

ಬೇಲಿಯಾಚೆ ಪಕ್ಕದ ಮನೆಯ ತೆಮಿರ್‌ಕುಲ್ ರಿಮೋಟು ಹಿಡಿದು ನಿಂತಿದ್ದ. ಬೂದಿಯ ಮಾತು ಮೊದಲು ಹುಟ್ಟಿಸಿದವನೇ ಅವನು. ‘ಬೂರುಲಕ್ಕ, ನಮ್ಮನೇಗೂ ಚೂರು ಬೂದಿ ಬಳಿ. ಬೇಗ, ಎರಡನೇ ಸುತ್ತು ಶುರುವಾಗೋದ್ರೊಳಗೆ!’

‘ತಡಿಯೋ,’ ಎಂದು ಬೂರುಲ್ ಮೊದಲು ಕಿಟಕಿಯ ಬಳಿಗೆ ಹೋಗಿ ಕುದುರೆಯ ಬೂದುಮೂತಿ ನೇವರಿಸಿದಳು. ‘ಕಂಡ ಕಣೇ ನಿನ್ನ ಮಗ. ಚೆನ್ನಾಗಿದಾನೆ.’

ಆಮೇಲೆ ಚೀಲ ಹೆಗಲಿಗೇರಿಸಿಕೊಂಡು ಬಿರಬಿರನೆ ನಡೆದಳು.